ಲೆಗ್ ಹಾರ್ಮೋನಿಯಂ

ಕಾಲಿನಿಂದ ತಿದಿ ತುಳಿದು ಎರಡೂ ಕೈಗಳಿಂದ ನುಡಿಸುವ ರೀಡು ವಾದ್ಯ. ಕಾಲು ಹಾರ್ಮೋನಿಯಂ, ಕಾಲುಪೆಟ್ಟಿಗೆ ಎಂದೂ ಕರೆಯುತ್ತಾರೆ. ಉತ್ತರ ಕರ್ನಾಟಕದ ಕಡೆ ಪೇಟಿ, ಆರ್ಗನ್ ಎಂಬ ಮಾತೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೊದಲ್ಗೊಂಡು ಮೂರು ನಾಲ್ಕು ತಲೆಮಾರು ಕನ್ನಡ ವೃತ್ತಿ ನಾಟಕ ಕಂಪನಿಗಳ ಸಂಗೀತ ನಿಂತಿದ್ದು ಈ ವಾದ್ಯದ ಮೇಲೆ. ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅದು ಹಳ್ಳಿಯ ಪೌರಾಣಿಕ ನಾಟಕಗಳಿಗೆ, ಅಲ್ಲಿಂದ ಬೆಂಗಳೂರಿನ ಹೊರವಲಯದ ಕಾರ್ಖಾನೆ ಬಡಾವಣೆಗಳಿಗೆ ಬಂತು. ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ, ನೆಲಮಂಗಲದ ಸುತ್ತಮುತ್ತ ಇಂದಿಗೂ ‘ಕುರುಕ್ಷೇತ್ರ’ ನಾಟಕ ಕಲಿಸುವವರನ್ನು ‘ಡೈರೆಕ್ಟರ್’ ಎಂದು ಕರೆಯುವುದಕ್ಕಿಂತ ‘ಹಾರ್ಮೋನಿಯಂ ಮೇಷ್ಟ್ರು’ ಎಂದು ಕರೆಯುವುದೇ ಹೆಚ್ಚು. ನಾಟಕದ ನಿರ್ದೇಶಕ ಹಾರ್ಮೋನಿಯಂ ಹಿಂದೆ ಕೂತವನೇ ಆಗಿರಬೇಕು ಎಂಬ ಈ ಪದ್ಧತಿಯೇ ಲೆಗ್ ಹಾರ್ಮೋನಿಯಂ ಕನ್ನಡ ರಂಗಭೂಮಿಗೆ ಬಿಟ್ಟುಹೋದ ಅತಿ ದೊಡ್ಡ ಆಸ್ತಿ.

ಪಶ್ಚಿಮದ ಥಿಯೇಟರ್ ಆರ್ಗನ್ ಜೊತೆ ಇದನ್ನು ಹೋಲಿಸಿ ನೋಡಬೇಕು. ಅಮೆರಿಕದ ವುರ್ಲಿಟ್ಜರ್ ಕಂಪನಿ 1910ರ ಸುಮಾರಿಗೆ ಇಂಗ್ಲೆಂಡಿನ ರಾಬರ್ಟ್ ಹೋಪ್-ಜೋನ್ಸ್ ಎಂಬ ಆರ್ಗನ್ ತಯಾರಕನನ್ನು ಸೇರಿಸಿಕೊಂಡು, ಮೂಕಿ ಚಿತ್ರಗಳ ಥಿಯೇಟರುಗಳಿಗೆಂದೇ ಪೈಪ್ ಆರ್ಗನ್ ಕಟ್ಟಲು ಶುರುಮಾಡಿತು. ಒಬ್ಬನೇ ಕುಳಿತು ಇಡೀ ವಾದ್ಯಮೇಳದ ಸದ್ದು ಹೊರಡಿಸುವ ಯಂತ್ರ ಅದು. ಕೊಳಲು, ಕಹಳೆ ದನಿಯ ಪೈಪುಗಳ ಜೊತೆಗೆ ಡ್ರಮ್ಮು, ಗಂಟೆಗಳನ್ನೂ ಅದಕ್ಕೆ ಜೋಡಿಸಿದ್ದರು. ಇಂಥ 2,000ಕ್ಕೂ ಹೆಚ್ಚು ಆರ್ಗನ್‌ಗಳು ಆ ಕಾರ್ಖಾನೆಯಿಂದ ಹೊರಬಂದವು. 1927ರಲ್ಲಿ ಟಾಕಿ ಬಂತು, ಕೆಲವೇ ವರ್ಷಗಳಲ್ಲಿ ಅವುಗಳಿಗೆ ಕೆಲಸವಿಲ್ಲದಾಯಿತು. ನಮ್ಮಲ್ಲಿ ಪೈಪ್ ಆರ್ಗನ್ ಚರ್ಚುಗಳನ್ನು ದಾಟಿ ಆಚೆಗೆ ಹೆಚ್ಚು ಬರಲಿಲ್ಲ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕೊನಾಕರ್ ಕಂಪನಿ 1881ರಲ್ಲಿ ಕಟ್ಟಿದ ಪೈಪ್ ಆರ್ಗನ್ ಇದೆ. ಅದು ಗೋಡೆಗೆ ಅಂಟಿಕೊಂಡ ವಾದ್ಯ. ಕಟ್ಟಡ ಬಿಟ್ಟು ಕದಲುವಂಥದ್ದಲ್ಲ. ಕನ್ನಡ ನಾಟಕ ಕಂಪನಿಗಳಿಗಾದರೋ ಕಟ್ಟಡವೇ ಇರಲಿಲ್ಲ. ಎರಡು ತಿಂಗಳು ಒಂದೂರಲ್ಲಿ ಕ್ಯಾಂಪು, ಆಮೇಲೆ ಟೆಂಟು, ಪರದೆ, ಟ್ರಂಕು ಕಟ್ಟಿ ಗಾಡಿಯಲ್ಲೋ ರೈಲಿನಲ್ಲೋ ಲಾರಿಯಲ್ಲೋ ಮುಂದಿನೂರು. ಆ ಬದುಕಿಗೆ ಒಗ್ಗುವ ಆರ್ಗನ್ ಬೇಕಿತ್ತು. ಕಾಲು ಮಡಚಿ ಪೆಟ್ಟಿಗೆಯೊಳಗೆ ಸೇರಿಸಿ ಇಬ್ಬರು ಹೊತ್ತೊಯ್ಯಬಹುದಾದ ಲೆಗ್ ಹಾರ್ಮೋನಿಯಂ ಆ ಜಾಗ ತುಂಬಿತು.

ಹುಟ್ಟು

ಹಾರ್ಮೋನಿಯಂನ ಜೀವಾಳ ಗಾಳಿಗೆ ಕಂಪಿಸಿ ನುಡಿಯುವ ಒಂದು ಹಿತ್ತಾಳೆ ನಾಲಗೆ, ಅದೇ ರೀಡು. ಈ ತತ್ತ್ವ ಏಷ್ಯಾದ್ದೇ. ಚೀನದ ‘ಷೆಂಗ್’ ಎಂಬ ಬಾಯಿವಾದ್ಯ ಬಹಳ ಹಳೆಯದು. ಹದಿನೆಂಟನೆಯ ಶತಮಾನದ ಕೊನೆಗೆ ಯುರೋಪಿನವರು ಈ ಬಗೆಯ ರೀಡುಗಳ ಮೇಲೆ ಪ್ರಯೋಗ ಮಾಡತೊಡಗಿದರು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ 1842ರಲ್ಲಿ ‘ಹಾರ್ಮೋನಿಯಂ’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಅವನದು ಕಾಲಿನಿಂದಲೇ ಗಾಳಿ ಹಾಕುವ, ಮೇಜಿನಷ್ಟು ದೊಡ್ಡ ವಾದ್ಯ. ಅಂದರೆ ಮೂಲ ಹಾರ್ಮೋನಿಯಂ ಲೆಗ್ ಹಾರ್ಮೋನಿಯಮ್ಮೇ; ನಾವಿಂದು ನೆಲದ ಮೇಲಿಟ್ಟು ಕೈಯಿಂದ ತಿದಿ ಒತ್ತುವ ಪೆಟ್ಟಿಗೆ ಆಮೇಲೆ ಭಾರತದಲ್ಲಿ ರೂಪುಗೊಂಡದ್ದು. ಕಲ್ಕತ್ತದಲ್ಲಿ ದ್ವಾರಕಾನಾಥ ಘೋಷ್ ಅವರ ‘ದ್ವಾರ್ಕಿನ್’ ಸಂಸ್ಥೆ ಆ ಕೆಲಸದಲ್ಲಿ ಮುಂದಿತ್ತು. ನೆಲದ ಮೇಲೆ ಕೂತು ಹಾಡುವ ನಮ್ಮ ಅಭ್ಯಾಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು, ಮನೆಮನೆಗೂ ಹೋಯಿತು.

ಮಡಚುವ ಕಾಲಿನ ಸಣ್ಣ ಆರ್ಗನ್‌ಗಳನ್ನು ಮಿಷನರಿಗಳೂ ಸೈನ್ಯದ ಪಾದ್ರಿಗಳೂ ಜೊತೆಯಲ್ಲಿ ಒಯ್ಯುತ್ತಿದ್ದರು. ಅಮೆರಿಕದ ಎಸ್ಟಿ ಕಂಪನಿಯೊಂದೇ 5 ಲಕ್ಷಕ್ಕೂ ಹೆಚ್ಚು ರೀಡ್ ಆರ್ಗನ್ ಮಾಡಿ ಮಾರಿತು. ಯುರೋಪಿನ ಹಾರ್ಮೋನಿಯಂ ಗಾಳಿಯನ್ನು ಹೊರಕ್ಕೆ ನೂಕಿ ರೀಡನ್ನು ನುಡಿಸಿದರೆ, ಅಮೆರಿಕದ್ದು ಗಾಳಿಯನ್ನು ಒಳಕ್ಕೆ ಎಳೆದುಕೊಂಡು ನುಡಿಸುತ್ತದೆ. ಆದ್ದರಿಂದ ಅದರ ದನಿ ಕೊಂಚ ಮೃದು. ನಾಟಕದವರಿಗೆ ಹಿಡಿಸಿದ್ದು ನೂಕುವ ಬಗೆ. ಸಾವಿರ ಜನರ ಗದ್ದಲದ ಮೇಲೆ ಕೇಳಬೇಕಾದ ವಾದ್ಯಕ್ಕೆ ಮೃದುತನ ಕಟ್ಟಿಕೊಂಡು ಆಗಬೇಕಾದ್ದೇನೂ ಇರಲಿಲ್ಲ.

ರಚನೆ ಮತ್ತು ನುಡಿಸುವ ಬಗೆ

ಹೊರಗಿನಿಂದ ನೋಡಿದರೆ ತೇಗದ ಮರದ ಒಂದು ಪೆಟ್ಟಿಗೆ, ಕೆಳಗೆ ನಾಲ್ಕು ಕಾಲು, ಕಾಲುಗಳ ನಡುವೆ ಎರಡು ತುಳಿಹಲಗೆ. ಮೇಲೆ ಬಿಳಿ, ಕಪ್ಪು ಮನೆಗಳ ಸಾಲು. ಕೈಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರೂವರೆ ಸ್ಥಾಯಿ ಇದ್ದರೆ ಲೆಗ್ ಹಾರ್ಮೋನಿಯಂನಲ್ಲಿ ನಾಲ್ಕು, ಕೆಲವದರಲ್ಲಿ ಐದು. ಮನೆಗಳ ಮುಂದೆ ಎಳೆದು ಬಿಡುವ ಗುಬಟುಗಳು. ಯಾವ ಸಾಲಿನ ರೀಡಿಗೆ ಗಾಳಿ ಹೋಗಬೇಕು ಎಂಬುದನ್ನು ಇವು ತೀರ್ಮಾನಿಸುತ್ತವೆ. ರೀಡಿನ ಸಾಲುಗಳಿಗೆ ಕಸುಬಿನವರು ಬಾಸ್, ಮೇಲ್, ಫೀಮೇಲ್ ಎನ್ನುತ್ತಾರೆ: ಮಂದ್ರ, ಮಧ್ಯ, ತಾರ. ಒಂದೇ ಮನೆ ಒತ್ತಿದಾಗ ಎರಡು ಮೂರು ಸಾಲು ಒಟ್ಟಿಗೆ ನುಡಿದರೆ ಬರುವ ತುಂಬುದನಿಯನ್ನು ಕೇಳಿದವರು ಮರೆಯಲಾರರು.

ತುಳಿಹಲಗೆಯಿಂದ ಬಂದ ಗಾಳಿ ನೇರವಾಗಿ ರೀಡಿಗೆ ಹೋಗುವುದಿಲ್ಲ. ಒಳಗೆ ಸ್ಪ್ರಿಂಗ್ ಬಿಗಿದ ಇನ್ನೊಂದು ತಿದಿ ಇದೆ, ಗಾಳಿ ಅಲ್ಲಿ ತುಂಬಿಕೊಂಡು ಒಂದೇ ಸಮನಾಗಿ ಮೇಲೇರುತ್ತದೆ. ಹೀಗಾಗಿ ಕಾಲು ಒಂದು ಕ್ಷಣ ತಡೆದರೂ ಸ್ವರ ಕಡಿಯುವುದಿಲ್ಲ. ಒಳ್ಳೆಯ ಯುರೋಪಿಯನ್ ವಾದ್ಯಗಳಲ್ಲಿ ಈ ಸಂಗ್ರಹದ ತಿದಿಯನ್ನು ಬದಿಗಿಟ್ಟು, ಕಾಲಿನ ಒತ್ತಡವೇ ನೇರ ರೀಡಿಗೆ ತಗಲುವಂತೆ ಮಾಡುವ ಒಂದು ಗುಬಟು ಇತ್ತು. ಅದನ್ನು ಎಳೆದರೆ ವಾದ್ಯ ಪಳಗದ ಕುದುರೆಯಂತೆ, ಪಾದ ಸ್ವಲ್ಪ ಅಳುಕಿದರೂ ದನಿ ನಡುಗುತ್ತದೆ. ಪಾದ ಪಳಗಿದವರ ಕೈಯಲ್ಲಿ ಮಾತ್ರ ಸ್ವರ ಪಿಸುಮಾತಿನಿಂದ ಹೊರಟು ಗರ್ಜನೆಗೆ ಏರಿ ಮತ್ತೆ ಇಳಿದುಬರುತ್ತಿತ್ತು. ಗಾಳಿಯ ಒತ್ತಡ ಹೆಚ್ಚು ಕಡಿಮೆಯಾದರೂ ರೀಡಿನ ಶ್ರುತಿ ಹೆಚ್ಚೇನೂ ಕದಲುವುದಿಲ್ಲ. ಸದ್ದು ಮಾತ್ರ ಏರಿಳಿಯುತ್ತದೆ. ಕೊಳಲಿನಂಥ ಊದುವ ವಾದ್ಯಗಳಿಗೆ ಇಲ್ಲದ ಅನುಕೂಲ ಇದು.

ಕೈಪೆಟ್ಟಿಗೆ ನುಡಿಸುವವನ ಎಡಗೈ ತಿದಿಗೇ ಮುಡಿಪು. ಕಾಲಿಗೆ ಆ ಕೆಲಸ ಒಪ್ಪಿಸಿದ ಕೂಡಲೇ ಎಡಗೈ ಬಿಡುವಾಯಿತು. ಬಲಗೈ ನಟನ ಹಾಡಿನ ಜಾಡು ಹಿಡಿದು ಹೋದರೆ, ಎಡಗೈ ಆಧಾರ ಷಡ್ಜ ಪಂಚಮ ಹಿಡಿದಿರುತ್ತದೆ, ಇಲ್ಲವೇ ಅದೇ ಹಾಡನ್ನು ಕೆಳಸ್ಥಾಯಿಯಲ್ಲಿ ನುಡಿಸುತ್ತದೆ. ನಡುವೆ ಒಂದು ಕೈ ಎತ್ತಿ ತಬಲಾದವನಿಗೆ ಸನ್ನೆ ಮಾಡಬಹುದು, ವಿಂಗಿನಲ್ಲಿ ನಿಂತವನಿಗೆ ‘ಬಾ’ ಎನ್ನಬಹುದು. ರಂಗವನ್ನು ನಡೆಸುವ ಅಧಿಕಾರ ಹಾರ್ಮೋನಿಯಂ ಮೇಷ್ಟ್ರಿಗೆ ಬರಲು ಈ ಬಿಡುವಾದ ಕೈಯೂ ಒಂದು ಕಾರಣ ಎಂದು ಈ ಲೇಖಕ ನಂಬುತ್ತಾನೆ.

ಶ್ರುತಿ ಮಾಡುವುದು ನಾಜೂಕಿನ ಕೆಲಸ. ರೀಡನ್ನು ಬಿಚ್ಚಿ, ನಾಲಗೆಯ ಕೆಳಗೆ ತೆಳು ತಗಡು ಕೊಟ್ಟು, ತುದಿಯಲ್ಲಿ ಕೆರೆದರೆ ನಾಲಗೆ ಹಗುರವಾಗಿ ಶ್ರುತಿ ಏರುತ್ತದೆ. ಬುಡದಲ್ಲಿ ಕೆರೆದರೆ ನಾಲಗೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಒಂದೆರಡು ಗೀರು ಸಾಕು. ಹೆಚ್ಚು ಕೆರೆದವನ ರೀಡು ಮುರಿಯುತ್ತದೆ, ಹೊಸದು ಹಾಕಿದರೆ ಪಕ್ಕದ ರೀಡುಗಳ ದನಿಗೆ ಹೊಂದುವುದಿಲ್ಲ. ಜರ್ಮನ್ ರೀಡು, ಪ್ಯಾರಿಸ್ ರೀಡು ಎಂದರೆ ಹಳೆಯ ಮೇಷ್ಟ್ರುಗಳ ಕಣ್ಣು ಅರಳುತ್ತಿತ್ತು. ಆಮದು ನಿಂತ ಮೇಲೆ ಗುಜರಾತಿನ ಭಾವನಗರ ಜಿಲ್ಲೆಯ ಪಾಲಿತಾಣಾದ ರೀಡುಗಳು ಆ ಜಾಗಕ್ಕೆ ಬಂದವು, ಇಂದಿಗೂ ಬರುತ್ತಿವೆ.

ಟೆಂಟಿನ ಬದುಕು ವಾದ್ಯಕ್ಕೆ ಒಳ್ಳೆಯದಾಗಿರಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಮನೆಗಳು ಕಚ್ಚಿಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ಮರ ಬಿರಿದು ಗಾಳಿ ಸೋರುತ್ತಿತ್ತು. ನೆಲದ ಧೂಳು ತಿದಿಯೊಳಗೆ ಸೇರಿ, ಒಂದು ಕಣ ರೀಡಿನ ಸಂದಿಗೆ ಸಿಕ್ಕಿದರೆ ಆ ಸ್ವರ ಮೂಕ. ಅದೇ ಕಣ ಮನೆಯ ಅಡಿಯ ತೊಗಲಿಗೆ ಸಿಕ್ಕಿಕೊಂಡರೆ ಯಾರೂ ಒತ್ತದೆ ಆ ಸ್ವರ ಕೂಗುತ್ತಲೇ ಇರುತ್ತದೆ. ದುಃಖದ ಸೀನಿನ ನಡುವೆ ಒಂದು ನಿಷಾದ ಹೀಗೆ ಹಟ ಹಿಡಿದು ಕೂಗತೊಡಗಿದರೆ ಮೇಷ್ಟ್ರು ನುಡಿಸುವುದನ್ನು ಬಿಡದೆ, ಒಂದೇ ಕೈಯಲ್ಲಿ ಮುಚ್ಚಳ ಎತ್ತಿ, ಆ ಮನೆಯನ್ನು ಬೆರಳಿಂದ ತಟ್ಟಿ ಸುಮ್ಮನಾಗಿಸಬೇಕು. ಇನ್ನು ಇಲಿಗಳಿಗೆ ತಿದಿಯ ತೊಗಲೆಂದರೆ ಬಲು ಪ್ರೀತಿ.

ಕಂಪನಿ ನಾಟಕದಲ್ಲಿ

ಕನ್ನಡ ರಂಗಭೂಮಿಗೆ ಹಾರ್ಮೋನಿಯಂ ಎರಡು ದಾರಿಯಿಂದ ಬಂತು. ಒಂದು, ಊರೂರು ತಿರುಗುತ್ತಿದ್ದ ಪಾರ್ಸಿ ಕಂಪನಿಗಳದು. ಅವು ಮೈಸೂರಿಗೂ ಬಂದವು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ಆಶ್ರಯದಲ್ಲಿ ನಾಟಕ ಮಂಡಳಿ ಹುಟ್ಟಿ, ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದದ್ದು ಆ ಗಾಳಿಯಲ್ಲೇ. ಇನ್ನೊಂದು ದಾರಿ ಮರಾಠಿ ಸಂಗೀತ ನಾಟಕದ್ದು. ಅದರ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ರಂಗಕ್ಕೆ ಬಂತು. ಮುಂದೆ ಬಾಲಗಂಧರ್ವರ ಮಂಡಳಿಯಲ್ಲಿ ಕಾಲಿನ ಆರ್ಗನ್, ಸಾರಂಗಿ, ಅಹ್ಮದ್ ಜಾನ್ ತಿರಕ್ವಾ ಅವರ ತಬಲಾ ಸೇರಿ ಒಂದು ಮಾದರಿಯೇ ಸಿದ್ಧವಾಯಿತು. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಕಂಪನಿಗಳು ಆ ಮಾದರಿಯನ್ನು ತಮ್ಮದಾಗಿಸಿಕೊಂಡವು. ಮರಾಠಿ ನಾಟ್ಯಗೀತೆಗಳ ಕಚೇರಿಗಳಲ್ಲಿ ಆರ್ಗನ್ ಇಂದಿಗೂ ಕೇಳಿಬರುತ್ತದೆ.

ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇಬ್ಬರೂ ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದವರು. ಹಿಂದುಸ್ತಾನಿ ಸಂಗೀತದ ಮಹಾ ಕಂಠಗಳು ಎಳೆವಯಸ್ಸಿನಲ್ಲಿ ಗೋಡೆಯಿಲ್ಲದ ಟೆಂಟಿನಲ್ಲಿ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡಲು ಕಲಿತದ್ದು ಪೇಟಿಯ ಜೊತೆಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಾತು ಬೇರೆಯೇ. ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಪುಟ್ಟರಾಜರು ಸ್ವತಃ ನಾಟಕ ಬರೆದರು, ಆಶ್ರಮದ ನಾಟ್ಯ ಸಂಘ ಊರೂರು ತಿರುಗಿತು. ಆಶ್ರಮದಲ್ಲಿ ಕಲಿತ ಎಷ್ಟೋ ಮಂದಿಗೆ ನಾಟಕ ಕಂಪನಿಯ ಪೇಟಿ ಅನ್ನ ಕೊಟ್ಟಿತು. ರಂಗದ ಮೇಲಿನ ನಟನನ್ನು ನೋಡಲಾಗದ ಮಾಸ್ತರ ಅವನ ಹೆಜ್ಜೆ, ಉಸಿರು, ಮಾತಿನ ಎಳೆತದಿಂದಲೇ ಹಾಡು ಎಲ್ಲಿ ಎತ್ತುತ್ತಾನೆಂದು ಹಿಡಿಯುತ್ತಿದ್ದ.

ಹಳೆ ಮೈಸೂರು ಸೀಮೆಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, ಮಹಮದ್ ಪೀರ್ ಅವರ ಕಂಪನಿ ಎಲ್ಲದರಲ್ಲೂ ರಂಗದ ಮುಂದೆ, ಪ್ರೇಕ್ಷಕರಿಗೆ ಬೆನ್ನು ಹಾಕಿ ಕೂರುತ್ತಿದ್ದವರು ಹಾರ್ಮೋನಿಯಂ ಮೇಷ್ಟ್ರು. ಪಕ್ಕದಲ್ಲಿ ತಬಲಾ, ಪಿಟೀಲು, ಕ್ಲಾರಿಯೊನೆಟ್. ನಾಂದಿಯ ಮೊದಲ ಸ್ವರ ಹೊರಟಿತೆಂದರೆ ಟೆಂಟಿನ ಗದ್ದಲ ತಣ್ಣಗಾಗಬೇಕು. ಮೈಕು ಇಲ್ಲದ ಕಾಲ. ನಟರ ಶ್ರುತಿ ಏರಿನದ್ದು. ಹೆಂಗಸರ ಶ್ರುತಿಗೆ ‘ಐದು ಮನೆ’ ಎಂದರೆ ಗಂಡಸರೂ ಅದರ ಹತ್ತಿರಕ್ಕೇ ಹಾಡುವವರಿದ್ದರು. ಅಷ್ಟು ಎತ್ತರದ ಕಂಠಕ್ಕೆ ಸಾಟಿಯಾಗಿ ನಿಲ್ಲುವ ವಾದ್ಯ ಆಗ ಬೇರೆ ಇರಲಿಲ್ಲ.

ಕಂದ, ವೃತ್ತ, ಸೀಸಪದ್ಯಗಳು ತಾಳವಿಲ್ಲದೆ ರಾಗಕ್ಕೆ ಹಾಕಿದವು. ನಟ ಒಂದು ಸಾಲು ಎತ್ತಿ ಎಳೆದು ನಿಲ್ಲಿಸಿದ ಕೂಡಲೇ ಹಾರ್ಮೋನಿಯಂ ಅದೇ ಸಾಲನ್ನು ಎತ್ತಿಕೊಂಡು ಪೂರ್ತಿ ಮಾಡುತ್ತದೆ. ಅಷ್ಟರಲ್ಲಿ ನಟ ಉಸಿರು ತೆಗೆದುಕೊಂಡು ಎರಡು ಹೆಜ್ಜೆ ಹಾಕಿ ಮುಂದಿನ ಸಾಲಿಗೆ ಸಿದ್ಧನಾಗುತ್ತಾನೆ. ನಟ ಸಾಲು ಮರೆತರೆ ಆ ಮರುನುಡಿಯನ್ನು ಇನ್ನೊಂದು ಸುತ್ತು ಬೆಳೆಸಿ ಹೊತ್ತು ಕಳೆಯುವುದು, ಶ್ರುತಿ ಬಿಟ್ಟರೆ ಮೇಲಿನ ಷಡ್ಜ ಗಟ್ಟಿಯಾಗಿ ಹಿಡಿದು ದಾರಿಗೆ ತರುವುದು, ‘ಒನ್ಸ್ ಮೋರ್’ ಬಂದರೆ ನಟನ ಗಂಟಲು ನೋಡಿ ಪೂರ್ತಿ ಪದ್ಯವೋ ಕೊನೆಯ ಎರಡು ಸಾಲೋ ತೀರ್ಮಾನಿಸುವುದು, ಇವೆಲ್ಲ ಮೇಷ್ಟ್ರ ಕೆಲಸ. ಯುದ್ಧದ ಸೀನಿನಲ್ಲಿ ಎರಡೂ ಕಾಲು ರಭಸದಿಂದ ತುಳಿದು, ಮಂದ್ರದ ಸಾಲು ಪೂರ್ತಿ ಬಿಚ್ಚಿ ನುಡಿಸಿದರೆ ಮುಂದಿನ ಬೆಂಚಿನವರ ಎದೆಯಲ್ಲಿ ನಡುಕ ಹುಟ್ಟುತ್ತಿತ್ತು. 1934ರಲ್ಲಿ ಗುಬ್ಬಿ ಕಂಪನಿ ಆನೆ, ಕುದುರೆ, ರಥಗಳನ್ನು ನಿಜವಾಗಿಯೇ ತಂದು ಆಡಿದ ‘ಕುರುಕ್ಷೇತ್ರ’ ಇಂಥ ವೈಭವದ ತುದಿ.

ಅದೇ 1934ರಲ್ಲಿ ಕನ್ನಡದ ಮೊದಲ ಟಾಕಿಗಳು ‘ಸತಿ ಸುಲೋಚನ’, ‘ಭಕ್ತ ಧ್ರುವ’ ಬಂದವು. ‘ಭಕ್ತ ಧ್ರುವ’ಕ್ಕೆ ಸಂಗೀತ ಕೊಟ್ಟವರು ಹಾರ್ಮೋನಿಯಂ ಶೇಷಗಿರಿರಾಯರು, ವಾದ್ಯ ಹೆಸರಿನ ಮೊದಲಿಗೇ ಅಂಟಿಕೊಂಡ ಕಾಲ ಅದು. ನಟರಂತೆ ಸಂಗೀತಗಾರರೂ ಕಂಪನಿಯಿಂದ ಸಿನಿಮಾಕ್ಕೆ ನಡೆದರು. ಆದರೆ ಅಮೆರಿಕದಲ್ಲಿ ಟಾಕಿ ಥಿಯೇಟರ್ ಆರ್ಗನ್ನನ್ನು ಮುಗಿಸಿದಂತೆ ಇಲ್ಲಿ ಆಗಲಿಲ್ಲ. ಕಂಪನಿಗಳು ಇನ್ನೂ ಮೂರು ನಾಲ್ಕು ದಶಕ ಕ್ಯಾಂಪು ಹಾಕುತ್ತಲೇ ಇದ್ದವು. ಸಾಮಾಜಿಕ ಹಾಸ್ಯ ನಾಟಕಗಳು ಮುಂದೆ ಬಂದು ಹಾಡು ಕಡಿಮೆಯಾಯಿತು, ಮೈಕು ಬಂದು ಕೈಪೆಟ್ಟಿಗೆಯೇ ಸಾಕೆನಿಸಿತು. ಲೆಗ್ ಹಾರ್ಮೋನಿಯಂ ಹಿಂದೆ ಸರಿದದ್ದು ಈ ಎರಡು ಕಾರಣದಿಂದ.

ಆಧುನಿಕ ರಂಗಭೂಮಿಗೆ ಈ ಸಂಗೀತವನ್ನು ದಾಟಿಸಿದವರಲ್ಲಿ ಬಿ.ವಿ. ಕಾರಂತರು (1929–2002) ಮೊದಲಿಗರು. ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ ಅವರು, ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದಾಗಲೂ ಹಾರ್ಮೋನಿಯಂ ಮುಂದೆ ಕೂತೇ ನಾಟಕ ಕಟ್ಟುತ್ತಿದ್ದರು. ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನಾಟಕಗಳ ಹಾಡು ಕೇಳಿದರೆ ಕಂಪನಿಯ ಮೇಳ ಎಲ್ಲಿಗೂ ಹೋಗಿಲ್ಲ ಎನಿಸುತ್ತದೆ. ಮೈಸೂರಿನ ಆರ್. ಪರಮಶಿವನ್ ಕಂಪನಿ ರಂಗಗೀತೆಗಳ ಮಟ್ಟುಗಳನ್ನು ಹಾಗೆಹಾಗೆಯೇ ನೆನಪಿನಲ್ಲಿಟ್ಟುಕೊಂಡು ಹೊಸಬರಿಗೆ ಕಲಿಸಿದರು. ಅವರಿಲ್ಲದಿದ್ದರೆ ಆ ಗೀತೆಗಳ ಸಾಹಿತ್ಯ ಪುಸ್ತಕದಲ್ಲಿ ಉಳಿಯುತ್ತಿತ್ತು, ಹಾಡು ಹೋಗುತ್ತಿತ್ತು.

ಆಕ್ಷೇಪಗಳು

ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದದು ಎಂಬ ವಾದ ಹಳೆಯದು. ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿದ ವಾದ್ಯದಲ್ಲಿ ಸೂಕ್ಷ್ಮ ಶ್ರುತಿಗಳಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾಗದು, ಗಮಕವಿಲ್ಲ. ರವೀಂದ್ರನಾಥ ಠಾಕೂರರೂ ಇದನ್ನು ವಿರೋಧಿಸಿದರು. ಲಿಯೊನೆಲ್ ಫೀಲ್ಡನ್ ಮುಖ್ಯಸ್ಥರಾಗಿದ್ದಾಗ, 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. 1971ರಲ್ಲಷ್ಟೇ ಆ ನಿಷೇಧ ಭಾಗಶಃ ಸಡಿಲವಾಯಿತು. ಆಕ್ಷೇಪದಲ್ಲಿ ಹುರುಳಿದೆ. ತೋಡಿಯ ಗಾಂಧಾರ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಆದರೆ ನಾಟಕದ ವಾದ್ಯವನ್ನು ಕಚೇರಿಯ ತಕ್ಕಡಿಯಲ್ಲಿ ತೂಗಿದ್ದು ಸರಿಯಲ್ಲ. ಗಮಕ ನಟನ ಗಂಟಲಲ್ಲಿತ್ತು. ಗಾಳಿ, ಮಗುವಿನ ಅಳು, ಕಡಲೆಕಾಯಿ ಮಾರುವವನ ಕೂಗಿನ ನಡುವೆ ಅವನ ಶ್ರುತಿ ಕಾಯುವುದಷ್ಟೇ ಪೆಟ್ಟಿಗೆಯ ಹೊಣೆ. ಯಕ್ಷಗಾನದಲ್ಲಿ ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದದ್ದೂ ಬರಿಯ ಶ್ರುತಿಗಾಗಿ. ಆಕಾಶವಾಣಿಯ ಬಾಗಿಲು ಮುಚ್ಚಿದ್ದ ಮೂರು ದಶಕಗಳಲ್ಲಿ ಪೆಟ್ಟಿಗೆಯನ್ನು ಸಾಕಿದ್ದು ನಾಟಕ, ಸಣ್ಣಾಟ, ಕೃಷ್ಣ ಪಾರಿಜಾತ, ಭಜನೆ. ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಅವರಂಥವರು ಅದನ್ನು ಶಾಸ್ತ್ರೀಯ ವೇದಿಕೆಯಲ್ಲೂ ತಲೆಯೆತ್ತಿ ನಿಲ್ಲಿಸಿದರು.

ಬೆಂಗಳೂರಿನ ಕಾರ್ಖಾನೆ ಸೀಮೆಯಲ್ಲಿ

1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. ತುಮಕೂರು, ಮಾಗಡಿ, ಕುಣಿಗಲ್, ದೊಡ್ಡಬಳ್ಳಾಪುರ, ಕೋಲಾರ ಕಡೆಯ ಹಳ್ಳಿಗಳಿಂದ ಬಂದವರು ಆ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದರು. ಅವರ ಜೊತೆ ನಾಟಕದ ಹುಚ್ಚೂ ಬಂತು. ಕಾರ್ಖಾನೆಗಳ ಲಲಿತಕಲಾ ಸಂಘಗಳು, ಕನ್ನಡ ಸಂಘಗಳು ವರ್ಷಕ್ಕೊಂದಾದರೂ ಪೌರಾಣಿಕ ನಾಟಕ ಆಡದೆ ಬಿಡುತ್ತಿರಲಿಲ್ಲ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ಲೇತು, ಪ್ರೆಸ್ಸು, ಪ್ಲೇಟಿಂಗ್ ಶೆಡ್ಡುಗಳಲ್ಲಿ ದುಡಿಯಲು ಬಂದ ಇನ್ನೊಂದು ತಲೆಮಾರಿಗೂ ಅದೇ ಹುಚ್ಚು ಹತ್ತಿತು.

ಅಭ್ಯಾಸ ನಡೆಯುವುದು ಪಾಳಿ ಮುಗಿದ ಮೇಲೆ, ದೇವಸ್ಥಾನದ ಜಗಲಿಯಲ್ಲೋ ಯಾರದೋ ಖಾಲಿ ಗೋಡೌನಿನಲ್ಲೋ. ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೂ ಕರೆದು ಮನೆ ಒತ್ತಿ ‘ಸ’ ಹಿಡಿಸುತ್ತಾರೆ. ಕಂಠ ಎಲ್ಲಿ ನಿಲ್ಲುತ್ತದೋ ಅದರ ಮೇಲೆ ಪಾತ್ರ. ಎರಡನೆಯ ಕಪ್ಪಿಗೆ ಸಲೀಸಾಗಿ ಏರುವವನು ಕೃಷ್ಣನಾಗಬಹುದು. ದಪ್ಪ ದನಿಯವನು ಭೀಮನಿಗೆ ಹೋಗುತ್ತಾನೆ. ದುರ್ಯೋಧನನಿಗೆ ಪದ್ಯವೂ ಹೆಚ್ಚು, ಪೈಪೋಟಿಯೂ ಹೆಚ್ಚು. ಪಾತ್ರದ ತೂಕಕ್ಕೆ ತಕ್ಕಂತೆ ನಟರೇ ಚಂದಾ ಹಾಕಿ ಸೀನರಿ, ಡ್ರೆಸ್ಸು, ಮೇಳದ ಖರ್ಚು ತೂಗಿಸುತ್ತಾರೆ. ದ್ರೌಪದಿ, ಕುಂತಿ, ರುಕ್ಮಿಣಿ ಪಾತ್ರಗಳಿಗೆ ವೃತ್ತಿನಿರತ ಕಲಾವಿದೆಯರು ಬರುತ್ತಾರೆ. ಅವರಿಗೆ ಎಲ್ಲ ಮೇಷ್ಟ್ರುಗಳ ಮಟ್ಟೂ ಗೊತ್ತು. ನಾಟಕದ ದಿನ ಬಂದು ಒಮ್ಮೆ ಶ್ರುತಿ ಕೇಳಿಕೊಂಡರೆ ಸಾಕು.

ರಾಗ ಎಂದರೇನೆಂದು ತಿಳಿಯದ ವೆಲ್ಡರೊಬ್ಬ ಎರಡು ಮೂರು ತಿಂಗಳಲ್ಲಿ ಕರ್ಣನ ಪದ್ಯವನ್ನು ಕಾಂಬೋಜಿಯಲ್ಲಿ ಎತ್ತಿ, ಮೋಹನದಲ್ಲಿ ಮುಂದಿನದಕ್ಕೆ ಹೋಗುವುದನ್ನು ಕಾಣಬೇಕಾದರೆ ಈ ಅಭ್ಯಾಸಗಳನ್ನೇ ನೋಡಬೇಕು. ಮೇಷ್ಟ್ರು ಸ್ವರದ ಹೆಸರು ಹೇಳಿಕೊಡುವುದಿಲ್ಲ. ‘ಇಲ್ಲಿಂದ ಇಲ್ಲಿಗೆ ಹೋಗಪ್ಪಾ, ಅವಸರ ಮಾಡಬೇಡ’ ಎಂದು ಪೆಟ್ಟಿಗೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ, ನುಡಿಸುತ್ತಾರೆ, ಮತ್ತೆ ನುಡಿಸುತ್ತಾರೆ. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ದೊಡ್ಡ ಜನಸಮುದಾಯಕ್ಕೆ ರಾಗದ ರುಚಿ ಹತ್ತಿಸಿದ ಕೆಲಸ ಇದು. ನಮ್ಮ ಸಂಗೀತ ಚರಿತ್ರೆಗಳಲ್ಲಿ ಇದಕ್ಕೆ ಒಂದು ಪುಟವೂ ಸಿಕ್ಕಿಲ್ಲ.

ರಾಜ್ಯೋತ್ಸವ, ಜಾತ್ರೆ, ಹನುಮ ಜಯಂತಿ ಹೊತ್ತಿಗೆ ಈ ಕಡೆಯ ಗೋಡೆಗಳ ಮೇಲೆ ‘ಕುರುಕ್ಷೇತ್ರ ಅಥವಾ ಶ್ರೀಕೃಷ್ಣ ಸಂಧಾನ’ ಎಂಬ ಪೋಸ್ಟರು ಬೀಳುತ್ತದೆ; ಕೆಳಗೆ ಪಾತ್ರಧಾರಿಗಳ ಫೋಟೊ ಸಾಲು, ಮೇಷ್ಟ್ರ ಫೋಟೊಗೆ ಪ್ರತ್ಯೇಕ ಜಾಗ. ಹಳ್ಳಿಯಲ್ಲಾದರೆ ರಾತ್ರಿ ಶುರುವಾಗಿ ಬೆಳಕು ಹರಿಯುವವರೆಗೆ. ನಗರದಲ್ಲಾದರೆ 1963ರಲ್ಲಿ ಕಟ್ಟಿದ ರವೀಂದ್ರ ಕಲಾಕ್ಷೇತ್ರ ಈ ನಾಟಕಗಳ ಹೆಬ್ಬಯಕೆ. ಒಮ್ಮೆಯಾದರೂ ಅಲ್ಲಿ ಪಾತ್ರ ಮಾಡಬೇಕೆಂಬುದು ಪ್ರತಿ ಹವ್ಯಾಸಿಯ ಆಸೆ.

ಬೆಂಗಳೂರಿನ ಬೇರೆ ದಿಕ್ಕುಗಳಲ್ಲಿ ಕತೆ ಬೇರೆ. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸತಿಗೆಂದು ಮೈಸೂರು ಸರ್ಕಾರ ಕೊಟ್ಟ ಭೂಮಿಯಲ್ಲಿ ಬೆಳೆದ ವೈಟ್‌ಫೀಲ್ಡ್, ರೀಡ್ ಆರ್ಗನ್ನನ್ನು ಪ್ರಾರ್ಥನೆಯ ವಾದ್ಯವಾಗಿ ಬಲ್ಲ ಜನರ ಊರಾಗಿತ್ತು; ಸುತ್ತಲ ಹಳ್ಳಿಗಳಿಗೆ ಅದೇ ಕುಲದ ಪೆಟ್ಟಿಗೆ ನಾಟಕದ್ದು, ಭಜನೆಯದ್ದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ ನೆಲದಲ್ಲಿ 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಸ್ಥಾಪಿಸಿತು. ಅದರಾಚೆಯ ಆನೇಕಲ್ ತಾಲ್ಲೂಕಿನ ಊರುಗಳಲ್ಲಿ ಪೌರಾಣಿಕ ನಾಟಕ ಇನ್ನೂ ಗಟ್ಟಿಯಾಗಿದೆ.

ಇಂದಿನ ಸ್ಥಿತಿ

ಲೆಗ್ ಹಾರ್ಮೋನಿಯಂ ಬಾಡಿಗೆಗೆ ಸಿಗುವುದು ಅಪರೂಪ. ಪೀಣ್ಯದ ಕಡೆಯ ಮೇಳಗಳಲ್ಲಿ ಮೇಜಿನ ಮೇಲಿಟ್ಟ ಕೈಪೆಟ್ಟಿಗೆಗೆ ಮೈಕು ಹಿಡಿಯುತ್ತಾರೆ, ಪಕ್ಕದಲ್ಲಿ ಕೀಬೋರ್ಡು ಮತ್ತು ರಿದಂ ಪ್ಯಾಡು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ಏರಿಳಿಯುತ್ತದೆ, ಮಳೆ ಬಂದರೆ ಮನೆ ಕಚ್ಚುವುದಿಲ್ಲ, ಒಬ್ಬನೇ ಬೈಕಿನ ಮೇಲೆ ಒಯ್ಯಬಹುದು. ತಿಂಗಳಿಗೆ ಹಲವು ನಾಟಕ ಹಿಡಿಯುವ ಮೇಷ್ಟ್ರಿಗೆ ಇದು ದೊಡ್ಡ ಅನುಕೂಲ, ತಪ್ಪೆನ್ನುವಂತಿಲ್ಲ. ಕಳೆದುಹೋದದ್ದು ಉಸಿರು. ಕಾಲಿನ ತುಳಿತದಲ್ಲಿ ದನಿ ಹಿಗ್ಗಿ ಕುಗ್ಗಿ ನಟನ ಜೊತೆ ಉಸಿರಾಡುತ್ತಿದ್ದುದು ಕೀಬೋರ್ಡಿಗೆ ಇನ್ನೂ ಬಂದಿಲ್ಲ.

ಉಳಿದ ವಾದ್ಯಗಳು ಹಳೆಯ ಮೇಷ್ಟ್ರುಗಳ ಮನೆಯಲ್ಲಿ, ಮಠಗಳಲ್ಲಿ, ಚರ್ಚುಗಳ ಹಿಂಗೋಣೆಯಲ್ಲಿವೆ. ತೊಗಲು ಬದಲಿಸುವ, ರೀಡು ಕೆರೆಯುವ ಕಸುಬಿನವರು ಬೆಂಗಳೂರಿನಲ್ಲಿ ಬಳೇಪೇಟೆಯ ವಾದ್ಯದಂಗಡಿಗಳ ಸುತ್ತ ಸಿಗುತ್ತಾರೆ. ಆದರೆ ತುಳಿಹಲಗೆಯ ಪಟ್ಟಿ, ಒಳತಿದಿಯ ಸ್ಪ್ರಿಂಗು ಕೈಯಿಂದಲೇ ಮಾಡಿಸಬೇಕು. ಪೀಣ್ಯದ ಸಣ್ಣ ವರ್ಕ್‌ಶಾಪುಗಳಿಗೆ ಅದು ಅರ್ಧ ದಿನದ ಕೆಲಸ. ಹಳೆಯ ವಾದ್ಯ ಇಟ್ಟುಕೊಂಡವರು ಅದನ್ನು ಗಾಜಿನೊಳಗೆ ಮುಚ್ಚಿಡದೆ ವಾರಕ್ಕೊಮ್ಮೆಯಾದರೂ ತುಳಿದು ಎಲ್ಲ ಮನೆಗಳನ್ನೂ ನುಡಿಸಬೇಕು. ಗಾಳಿಯಾಡದ ರೀಡಿಗೆ ಕಿಲುಬು ಹಿಡಿಯುತ್ತದೆ, ಆಡದ ತೊಗಲು ಸೆಟೆದು ಬಿರಿಯುತ್ತದೆ. ಮಟ್ಟುಗಳ ಮಾತು ಇನ್ನೂ ತುರ್ತಿನದು: ಎಪ್ಪತ್ತು ದಾಟಿದ ಮೇಷ್ಟ್ರುಗಳ ಬೆರಳಲ್ಲಿರುವ ಕಂದ, ಸೀಸಗಳ ಧಾಟಿಯನ್ನು ಊರೂರಿಗೆ ಹೋಗಿ ರೆಕಾರ್ಡ್ ಮಾಡಿ, ಯಾವ ಕಂಪನಿಯಿಂದ ಯಾರ ಮೂಲಕ ಬಂತೆಂದು ಬರೆದಿಡುವ ಕೆಲಸವನ್ನು ನಾಟಕ ಅಕಾಡೆಮಿಯೂ ವಿಶ್ವವಿದ್ಯಾಲಯಗಳೂ ಕೈಗೆತ್ತಿಕೊಳ್ಳಬೇಕು, ಅದೂ ಮೇಷ್ಟ್ರು ಪೆಟ್ಟಿಗೆಯ ಮುಂದೆ ಕೂತು ನುಡಿಸಿ ತೋರಿಸಬಲ್ಲ ಈ ವರ್ಷಗಳಲ್ಲೇ.